ಗಾನಗುರು ಯೊಹಾನ್ ಸೆಬಾಸ್ಟಿಯನ್ ಬಾಖ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ನಾವು ಧರ್ಮಕೇಂದ್ರದ ಹಳೆಯ ದಾಖಲೆಗಳನ್ನು ತೆರೆದು ನೋಡಿದೆವು. ಜ್ಞಾನಸ್ನಾನದ ಪುಸ್ತಕವಿದೆ, ವಿವಾಹದ ಪುಸ್ತಕವಿದೆ, ಮರಣದ ಪುಸ್ತಕವಿದೆ. ಗಂಟೆಯನ್ನು ಕೊಟ್ಟವರ ಹೆಸರಿದೆ, ಪೀಠವನ್ನು ಮಾಡಿಸಿದವರ ಹೆಸರಿದೆ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿಯಿದೆ. ಆದರೆ ನೂರು ವರ್ಷಗಳ ಕಾಲ ಭಾನುವಾರ ತಪ್ಪದೆ ಈ ದೇವಾಲಯದಲ್ಲಿ ನಿಂತು ಹಾಡಿದವರ ಹೆಸರುಗಳು ಯಾವ ಪುಟದಲ್ಲಿಯೂ ನಮಗೆ ಸಿಗಲಿಲ್ಲ. ಈ ಕೊರತೆ ನಮ್ಮ ಮನಸ್ಸನ್ನು ಕಲಕಿತು. ಆದ್ದರಿಂದ ಗಾನಸೇವೆಯನ್ನೇ ಬದುಕನ್ನಾಗಿ ಮಾಡಿಕೊಂಡಿದ್ದ ಮಹನೀಯರೊಬ್ಬರ ಜೀವನವೃತ್ತಾಂತವನ್ನು ಇಲ್ಲಿ ನಿರೂಪಿಸುವುದು ಉಚಿತವೆಂದು ಭಾವಿಸಿದೆವು. ಅವರೇ ಜರ್ಮನಿಯ ಯೊಹಾನ್ ಸೆಬಾಸ್ಟಿಯನ್ ಬಾಖರು.

ಬಾಖರು ಕಥೋಲಿಕರಲ್ಲ, ಲೂಥರನ್ ಸಭೆಗೆ ಸೇರಿದವರು. ಹಾಗಿದ್ದರೂ ಕಥೋಲಿಕ ದೇವಾಲಯದ ಸಂಚಿಕೆಯಲ್ಲಿ ಅವರಿಗೆ ಸ್ಥಾನ ಕೊಡಲು ನಮಗೆ ಸಂಕೋಚವಿಲ್ಲ. ರೋಮಿನ ಮಹಾನ್ ಸಂಗೀತಗಾರರಾದ ಪಲೆಸ್ತ್ರೀನ ಅವರ ಬಲಿಪೂಜೆಯ ಸಂಗೀತವೊಂದನ್ನು ಅವರು ಶ್ರದ್ಧೆಯಿಂದ ನಕಲು ಮಾಡಿಸಿ ಹಾಡಿಸಿದರು. ಲ್ಯಾಟಿನ್ ಬಲಿಪೂಜೆಯ ಸಂಪೂರ್ಣ ಪಠ್ಯಕ್ಕೆ ಅವರು ರಚಿಸಿದ ಬಿ ಮೈನರ್ ಮಹಾಕೃತಿಯನ್ನು, ಅವರ ಮಗನ ಮರಣಾನಂತರ 1790ರಲ್ಲಿ ಪ್ರಕಟವಾದ ಆಸ್ತಿಪಟ್ಟಿಯಲ್ಲಿ ಕಥೋಲಿಕ ಮಹಾಪೂಜೆಯೆಂದೇ ನಮೂದಿಸಲಾಗಿತ್ತು. ಹಾಡುವವರನ್ನು ಮೇಳವು ಒಂದುಗೂಡಿಸುತ್ತದೆ, ಮಿಕ್ಕದ್ದನ್ನು ದೇವರು ನೋಡಿಕೊಳ್ಳುತ್ತಾನೆ.

ಬಾಖರು ಹುಟ್ಟಿದ್ದು 1685ನೆಯ ಇಸವಿ ಮಾರ್ಚ್ 21ರಂದು, ತುರಿಂಗಿಯ ಪ್ರಾಂತದ ಐಸನಾಖ್ ಪಟ್ಟಣದಲ್ಲಿ. ತಂದೆ ಯೊಹಾನ್ ಅಂಬ್ರೋಸಿಯುಸ್ ಆ ಊರಿನ ನಗರವಾದ್ಯಗಾರರು. ಆ ವಂಶದಲ್ಲಿ ಸಂಗೀತವು ತಲೆತಲಾಂತರದಿಂದ ಬಂದ ಕಸುಬಾಗಿತ್ತು. ನಮ್ಮ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಬಲ್ಲ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಬೆಳೆದ ಮಕ್ಕಳು ಬಣ್ಣದ ನಡುವೆ ಕಣ್ಣು ಬಿಟ್ಟು, ಯಾರೂ ಪಾಠ ಹೇಳದೆಯೇ ಪಾತ್ರಗಳನ್ನು ಕಲಿತಂತೆ, ಬಾಖ್ ಮನೆತನದ ಮಕ್ಕಳು ಪಿಟೀಲು, ಕಹಳೆ, ಆರ್ಗನ್‌ಗಳ ನಡುವೆಯೇ ಬೆಳೆದರು. ವರ್ಷಕ್ಕೊಮ್ಮೆ ಆ ಮನೆತನದವರೆಲ್ಲರೂ ಒಂದು ಊರಿನಲ್ಲಿ ಸೇರುತ್ತಿದ್ದರಂತೆ. ಮೊದಲು ಭಕ್ತಿಗೀತೆಯೊಂದನ್ನು ಹಾಡಿ ದೇವರನ್ನು ಸ್ತುತಿಸುತ್ತಿದ್ದರು. ಆಮೇಲೆ ಸಂತೆಯ ಹಾಡು, ತಮಾಷೆಯ ಹಾಡುಗಳನ್ನು ಒಂದರೊಳಗೊಂದು ಹೆಣೆದು ಹಾಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಭಕ್ತಿಯೂ ವಿನೋದವೂ ಒಂದೇ ಚಾವಡಿಯಲ್ಲಿ ಕೂಡಿದ್ದುದು ಆ ಮನೆತನದ ಸೊಗಸು.

ಆದರೆ ಬಾಲಕ ಸೆಬಾಸ್ಟಿಯನ್ನನ ಪಾಲಿಗೆ ಆ ಸುಖ ಬಹುಕಾಲ ಉಳಿಯಲಿಲ್ಲ. 1694ರಲ್ಲಿ ತಾಯಿ ತೀರಿಕೊಂಡರು. ಒಂದು ವರ್ಷ ತುಂಬುವ ಮೊದಲೇ ತಂದೆಯೂ ತೀರಿಕೊಂಡರು. ಹತ್ತು ವರ್ಷವೂ ತುಂಬಿರದ ತಬ್ಬಲಿಯನ್ನು ಓರ್ಡ್ರುಫ್ ಎಂಬ ಊರಿನಲ್ಲಿ ಆರ್ಗನ್ ವಾದಕನಾಗಿದ್ದ ಹಿರಿಯಣ್ಣ ಸಾಕಿಕೊಂಡರು. ಅಣ್ಣನ ಬೀರುವಿನಲ್ಲಿದ್ದ ಸಂಗೀತದ ಹಸ್ತಪ್ರತಿಯನ್ನು ಹುಡುಗನು ಜಾಲರಿಯ ಸಂದಿನಿಂದ ಮೆಲ್ಲನೆ ಹೊರಗೆಳೆದು, ದೀಪವಿಲ್ಲದೆ ಬೆಳದಿಂಗಳಿನಲ್ಲಿಯೇ ಆರು ತಿಂಗಳ ಕಾಲ ನಕಲು ಮಾಡಿದನೆಂದೂ, ಅಣ್ಣನಿಗೆ ಅದು ತಿಳಿದು ಆ ನಕಲನ್ನು ಕಿತ್ತುಕೊಂಡರೆಂದೂ ಹಳೆಯ ಚರಿತ್ರಕಾರರು ಹೇಳುತ್ತಾರೆ. ಹದಿನೈದನೆಯ ವಯಸ್ಸಿನಲ್ಲಿ, 1700ರಲ್ಲಿ, ಉತ್ತರದ ಲ್ಯೂನೆಬರ್ಗ್ ಪಟ್ಟಣದ ಸಂತ ಮಿಖಾಯೇಲರ ದೇವಾಲಯದ ಗಾನವೃಂದವನ್ನು ಸೇರಿ ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಂಡನು.

1703ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ಬಾಖರು ಆರ್ನ್‌ಸ್ಟಾಟ್ ಊರಿನ ದೇವಾಲಯದ ಆರ್ಗನ್ ವಾದಕರಾದರು. ಅವರಲ್ಲಿ ಪ್ರತಿಭೆಯಷ್ಟೇ ಮುಂಗೋಪವೂ ಇತ್ತೆಂಬುದನ್ನು ನಾವು ಮರೆಮಾಚಬಾರದು. ತಮ್ಮ ಕೆಳಗಿದ್ದ ವಾದ್ಯಗಾರ ವಿದ್ಯಾರ್ಥಿಯೊಬ್ಬನೊಡನೆ ಬೀದಿಯಲ್ಲಿಯೇ ಜಗಳವಾಡಿ ಕತ್ತಿ ಹಿರಿದದ್ದೂ ಉಂಟು. 1705ರಲ್ಲಿ ಲ್ಯೂಬೆಕ್ ನಗರದ ವೃದ್ಧ ಸಂಗೀತಗಾರರಾದ ಬುಕ್ಸ್ಟೆಹೂಡರ ಗಾನವನ್ನು ಕೇಳಬೇಕೆಂದು ನಾಲ್ಕು ವಾರಗಳ ರಜೆ ಪಡೆದು, ಸುಮಾರು 400 ಕಿಲೋಮೀಟರ್ ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿದರು. ತುಮಕೂರಿನಿಂದ ಬೆಂಗಳೂರಿಗೆ ಮೂರು ಸಲ ನಡೆದು ಹೋಗಿ ಮೂರು ಸಲ ನಡೆದು ಬಂದರೆ ಆಗುವಷ್ಟು ದೂರವದು. ಕೇಳಿದ ಗಾನಕ್ಕೆ ಮನಸೋತು, ನಾಲ್ಕು ವಾರಕ್ಕೆ ಬದಲಾಗಿ ಸುಮಾರು ನಾಲ್ಕು ತಿಂಗಳ ಬಳಿಕ ಹಿಂದಿರುಗಿದರು. ದೇವಾಲಯದ ಮೇಲಧಿಕಾರಿಗಳು ಕರೆಸಿ ವಿಚಾರಿಸಿದರು. ಹಾಡುಗಳ ನಡುವೆ ವಿಚಿತ್ರ ಸ್ವರಗಳನ್ನು ಬೆರೆಸಿ ಭಕ್ತಾದಿಗಳನ್ನು ಗಲಿಬಿಲಿಗೊಳಿಸುವರೆಂಬ ದೂರೂ ಸೇರಿಕೊಂಡಿತು.

1707ರಲ್ಲಿ ಮ್ಯೂಲ್‌ಹೌಸನ್ ಪಟ್ಟಣಕ್ಕೆ ಹೋದ ಬಾಖರು ಅದೇ ವರ್ಷ ದೂರದ ಸೋದರ ಸಂಬಂಧಿಯಾದ ಮರಿಯ ಬಾರ್ಬರಾ ಎಂಬ ಕನ್ಯೆಯನ್ನು ವಿವಾಹವಾದರು. ಮರುವರ್ಷ ವೈಮಾರ್ ಆಸ್ಥಾನಕ್ಕೆ ಸೇರಿ ಒಂಬತ್ತು ವರ್ಷ ಸೇವೆ ಸಲ್ಲಿಸಿದರು. ಅಲ್ಲಿಂದ ಬಿಡುಗಡೆ ಬೇಕೆಂದು ಹಟ ಹಿಡಿದುದಕ್ಕಾಗಿ 1717ರಲ್ಲಿ ದೊರೆಯು ಅವರನ್ನು ಹೆಚ್ಚುಕಡಿಮೆ ಒಂದು ತಿಂಗಳು ಸೆರೆಯಲ್ಲಿಟ್ಟು ಕಡೆಗೆ ಕಳುಹಿಸಿಕೊಟ್ಟನು. ಬಳಿಕ ಕ್ಯೋಥನ್ ರಾಜಕುಮಾರನ ಆಶ್ರಯದಲ್ಲಿ ಸುಖದ ದಿನಗಳು ಬಂದವು. 1720ರ ಬೇಸಗೆಯಲ್ಲಿ ರಾಜಕುಮಾರನೊಡನೆ ಕಾರ್ಲ್ಸ್‌ಬಾಡ್‌ಗೆ ಹೋಗಿದ್ದ ಬಾಖರು ಮನೆಗೆ ಮರಳಿ ಬಾಗಿಲಲ್ಲಿ ಕಾಲಿಟ್ಟಾಗ, ಆರೋಗ್ಯದಿಂದ ಬೀಳ್ಕೊಟ್ಟಿದ್ದ ಪತ್ನಿ ತೀರಿಕೊಂಡು ಮಣ್ಣು ಸೇರಿಯಾಗಿತ್ತು. ತಾಯಿಯಿಲ್ಲದ ನಾಲ್ಕು ಮಕ್ಕಳು ಮನೆಯಲ್ಲಿದ್ದರು. ಒಡೆಯನ ಸಂಗೀತಸೇವೆಗಾಗಿ ಮನೆಯಿಂದ ದೂರ ಹೋದುದಕ್ಕೆ ಅವರು ತೆತ್ತ ಬೆಲೆ ಇಂಥದು.

ಮರುವರ್ಷದ ಡಿಸೆಂಬರಿನಲ್ಲಿ ಅವರು ಆಸ್ಥಾನ ಗಾಯಕಿಯಾಗಿದ್ದ, ಇಪ್ಪತ್ತು ವರ್ಷದ ಅನ್ನಾ ಮಗ್ದಲೇನಾ ಅವರನ್ನು ವರಿಸಿದರು. ಈ ಮಹಾತಾಯಿಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಮ್ಮ ಅಪೇಕ್ಷೆ. ಪತಿಯು ಆಕೆಗಾಗಿ 1722ರಲ್ಲಿಯೂ 1725ರಲ್ಲಿಯೂ ಎರಡು ಸಂಗೀತ ಪುಸ್ತಕಗಳನ್ನು ಆರಂಭಿಸಿಕೊಟ್ಟರು. ಮನೆಮಂದಿ ತಮಗೆ ಇಷ್ಟವಾದ ಪುಟ್ಟ ಪುಟ್ಟ ರಚನೆಗಳನ್ನು ಅದರಲ್ಲಿ ಬರೆಯುತ್ತಿದ್ದರು. ಇಂದು ಪಿಯಾನೊ ಕಲಿಯಲು ಕೂರುವ ನಮ್ಮ ಊರಿನ ಮಕ್ಕಳ ಬೆರಳುಗಳ ಕೆಳಗೂ ಆ ಪುಸ್ತಕದ ಸ್ವರಗಳೇ ಮೊದಲು ಸಿಕ್ಕುತ್ತವೆ.

1723ರಲ್ಲಿ ಬಾಖರ ಜೀವನದ ಕಡೆಯ ಹಾಗೂ ಅತಿ ದೀರ್ಘವಾದ ಅಧ್ಯಾಯ ಆರಂಭವಾಯಿತು. ಲೈಪ್ಜಿಗ್ ನಗರದ ಸಂತ ತೋಮಾಸರ ಶಾಲೆಗೆ ಕ್ಯಾಂಟರ್, ಅಂದರೆ ಗಾನನಿರ್ದೇಶಕರು ಬೇಕಾಗಿದ್ದರು. ನಗರಸಭೆಯು ಮೊದಲು ಟೆಲೆಮಾನ್ ಅವರನ್ನು, ಬಳಿಕ ಗ್ರೌಪ್ನರ್ ಅವರನ್ನು ಬಯಸಿತು. ಅವರಿಬ್ಬರೂ ದೊರೆಯದಿದ್ದಾಗ ಬಾಖರನ್ನು ಒಪ್ಪಿಕೊಂಡಿತು. ಮೂರನೆಯ ಆಯ್ಕೆಯಾಗಿ ಬಂದ ಈ ವ್ಯಕ್ತಿಯು ಮೇ 30ರ ಭಾನುವಾರ ಸಂತ ನಿಕೊಲಾಸರ ದೇವಾಲಯದಲ್ಲಿ ತಮ್ಮ ಮೊದಲ ಗಾನಕೃತಿಯನ್ನು ಹಾಡಿಸಿ ಕೆಲಸಕ್ಕೆ ತೊಡಗಿದರು. ಇಪ್ಪತ್ತೇಳು ವರ್ಷ ಅದೇ ನೊಗವನ್ನು ಹೊತ್ತರು.

ಆ ನೊಗದ ಭಾರ ಎಷ್ಟೆಂದು ವಾಚಕರು ತಿಳಿಯಬೇಕು. ಶಾಲೆಯ ಹುಡುಗರೇ ನಾಲ್ಕು ತಂಡಗಳಾಗಿ ನಗರದ ನಾಲ್ಕು ದೇವಾಲಯಗಳಲ್ಲಿ ಹಾಡಬೇಕು. ಶ್ರೇಷ್ಠ ತಂಡವನ್ನು ಬಾಖರೇ ನಡೆಸಿ, ಎರಡು ಪ್ರಧಾನ ದೇವಾಲಯಗಳಲ್ಲಿ ಸರದಿಯಂತೆ ಗಾನವನ್ನು ಅರ್ಪಿಸಬೇಕು. ಮೊದಲ ಕೆಲವು ವರ್ಷಗಳಲ್ಲಿ ಅವರು ಹೆಚ್ಚುಕಡಿಮೆ ವಾರಕ್ಕೊಂದರಂತೆ ಆಯಾ ಭಾನುವಾರದ ಶುಭಸಂದೇಶಕ್ಕೆ ಹೊಂದುವ ಹೊಸ ಗಾನಕೃತಿಯನ್ನು ರಚಿಸಿದರು. ವಾರದ ಆರಂಭದಲ್ಲಿ ರಚನೆ, ಬಳಿಕ ಪ್ರತಿಯೊಬ್ಬ ಗಾಯಕನಿಗೂ ವಾದಕನಿಗೂ ಬೇರೆ ಬೇರೆಯಾಗಿ ಹಾಳೆಗಳ ನಕಲು, ಶನಿವಾರ ಅಭ್ಯಾಸ, ಭಾನುವಾರ ಬೆಳಗ್ಗೆ ಏಳು ಗಂಟೆಗೆ ಆರಾಧನೆ. ಆರಾಧನೆಯು ಮೂರು ನಾಲ್ಕು ಗಂಟೆಗಳ ಕಾಲ ನಡೆಯುತ್ತಿತ್ತು. ಶುಭಸಂದೇಶದ ವಾಚನಕ್ಕೂ ಒಂದು ಗಂಟೆಯ ಪ್ರಬೋಧನೆಗೂ ನಡುವೆ ಬಾಖರ ಕೃತಿಯನ್ನು ಹಾಡುತ್ತಿದ್ದರು. ಇದಲ್ಲದೆ ನಾಲ್ಕು ವಾರಗಳಲ್ಲಿ ಒಂದು ವಾರ ಹುಡುಗರೊಡನೆಯೇ ಇದ್ದು, ನಸುಕಿನಲ್ಲಿ ಅವರನ್ನು ಎಬ್ಬಿಸಿ, ಪ್ರಾರ್ಥನೆ ಊಟಗಳ ಮೇಲ್ವಿಚಾರಣೆ ನಡೆಸಬೇಕಾಗಿತ್ತು.

ಇಂತಹ ವಾರದ ಕೊನೆಯಲ್ಲಿ ಬಾಖರ ಮನೆಯನ್ನು ನಾವು ಊಹಿಸಿಕೊಳ್ಳೋಣ. ಶಾಲೆಯ ಕಟ್ಟಡದಲ್ಲಿಯೇ ಅವರ ವಾಸ. ಒಂದು ಕಡೆ ಹುಡುಗರ ಗದ್ದಲ, ಇನ್ನೊಂದು ಕಡೆ ತೊಟ್ಟಿಲ ಕೂಸು. ಮೇಜಿನ ಸುತ್ತ ಶಿಷ್ಯರು, ಬೆಳೆದ ಮಕ್ಕಳು, ಅನ್ನಾ ಮಗ್ದಲೇನಾ ಕುಳಿತು ಶನಿವಾರದ ಅಭ್ಯಾಸಕ್ಕೆ ಮುನ್ನ ಹಾಳೆಗಳನ್ನು ನಕಲು ಮಾಡಿ ಮುಗಿಸಬೇಕು. ಆಕೆಯ ಬರವಣಿಗೆ ಪತಿಯ ಬರವಣಿಗೆಯನ್ನು ಎಷ್ಟು ಹೋಲುತ್ತಿತ್ತೆಂದರೆ, ಮುಂದೆ ವಿದ್ವಾಂಸರೇ ಒಂದನ್ನು ಇನ್ನೊಂದೆಂದು ಭ್ರಮಿಸಿದರು. ಭಾನುವಾರ ದೇವಾಲಯದಲ್ಲಿ ಹಾಡುವ ಅವಕಾಶ ಅಂದು ಹೆಂಗಸರಿಗೆ ಇರಲಿಲ್ಲ. ಆಸ್ಥಾನದಲ್ಲಿ ಹಾಡಿ ಸಂಬಳ ಪಡೆದಿದ್ದ ಆ ಕಂಠವು ದೇವಾಲಯದಲ್ಲಿ ಮೌನವಾಗಿತ್ತು. ಆಕೆಯ ಸೇವೆ ಶಾಯಿಯ ಮೂಲಕ ಸಲ್ಲಿತು.

ಆದರೆ ಮನೆಯಲ್ಲಿ ಆಕೆ ಹಾಡಿದರು. 1730ರಲ್ಲಿ ಬಾಲ್ಯಸ್ನೇಹಿತರೊಬ್ಬರಿಗೆ ಬರೆದ ಪತ್ರದಲ್ಲಿ ಬಾಖರು ಮನೆಯ ಮಕ್ಕಳೆಲ್ಲರೂ ಹುಟ್ಟು ಸಂಗೀತಗಾರರೆಂದೂ, ಹೆಂಡತಿ ಹಾಗೂ ಹಿರಿಯ ಮಗಳೂ ಸೇರಿ ಹಾಡಿದರೆ ಮನೆಯವರಿಂದಲೇ ಒಂದು ಮೇಳ ನಡೆಸಬಹುದೆಂದೂ ಹೆಮ್ಮೆಯಿಂದ ತಿಳಿಸಿದ್ದಾರೆ. ಅದೇ ಪತ್ರದಲ್ಲಿ ಸಂಸಾರಸ್ಥನ ಸಂಕಟವೂ ಇದೆ. ಶವಸಂಸ್ಕಾರಗಳ ಕಾಣಿಕೆಯೂ ಅವರ ವರಮಾನದಲ್ಲಿ ಒಂದಾಗಿದ್ದುದರಿಂದ, ಊರಿನ ಹವೆ ಚೆನ್ನಾಗಿದ್ದ ವರ್ಷ ಸಾಯುವವರು ಕಡಿಮೆಯಾಗಿ ಆದಾಯ ಕುಗ್ಗಿತೆಂದು ಅವರು ಬರೆದಿದ್ದಾರೆ. ಹಾಡಿ ಸಂಸಾರ ನಡೆಸುವವರ ಕಷ್ಟ ಇದರಿಂದ ತಿಳಿಯುತ್ತದೆ.

ಆ ಮನೆಯಲ್ಲಿ ಅತಿಥಿಗಳಿಗೆ ಬಾಗಿಲು ಸದಾ ತೆರೆದಿತ್ತು. 1737ರಿಂದ ಕೆಲವು ವರ್ಷ ಅವರ ಮನೆಯಲ್ಲಿದ್ದ ಬಂಧುವೊಬ್ಬರ ಪತ್ರಗಳಲ್ಲಿ ಅನ್ನಾ ಮಗ್ದಲೇನಾ ಅವರಿಗಾಗಿ ಹಳದಿ ಕಾರ್ನೇಷನ್ ಹೂವಿನ ಸಸಿಗಳನ್ನೂ, ಚೆನ್ನಾಗಿ ಹಾಡುವ ಪುಟ್ಟ ಹಕ್ಕಿಯೊಂದನ್ನೂ ತರಿಸಿದ ಪ್ರಸ್ತಾಪ ಬರುತ್ತದೆ. ಅತ್ತ 1729ರಿಂದ ಬಾಖರು ವಿದ್ಯಾರ್ಥಿಗಳ ಸಂಗೀತ ಸಂಘವೊಂದನ್ನು ನಡೆಸಿ, ಜಿಮ್ಮರ್‌ಮಾನ್ ಎಂಬವರ ಕಾಫಿ ಅಂಗಡಿಯಲ್ಲಿ ವಾರವಾರ ಕಚೇರಿ ಏರ್ಪಡಿಸುತ್ತಿದ್ದರು. ಕಾಫಿಯ ಹುಚ್ಚು ಹಿಡಿದ ಮಗಳನ್ನು ಕುರಿತು ಅವರು ಸ್ವರ ಹಾಕಿದ ವಿನೋದಕೃತಿಯೊಂದು ಇಂದಿಗೂ ಜನರನ್ನು ನಗಿಸುತ್ತದೆ. ದೇವಾಲಯದಲ್ಲಿ ಪ್ರಭುಯೇಸುವಿನ ಯಾತನೆಯನ್ನು ಹಾಡಿಸಿ ಜನರನ್ನು ಅಳಿಸಿದ ಕೈಯೇ ಇದನ್ನೂ ಬರೆಯಿತು. ಸಂತ ಯೊವಾನ್ನರ ಶುಭಸಂದೇಶದ ಯಾತನಾಗಾನವನ್ನು ಅವರು 1724ರ ಶುಭಶುಕ್ರವಾರದಂದೂ, ಸಂತ ಮತ್ತಾಯರ ಶುಭಸಂದೇಶದ ಯಾತನಾಗಾನವನ್ನು 1727ರ ಶುಭಶುಕ್ರವಾರದಂದೂ ಮೊದಲು ಅರ್ಪಿಸಿದರು.

ಇಷ್ಟು ಸೇವೆಗೆ ದೊರೆತ ಮನ್ನಣೆಯೇನು? 1730ರಲ್ಲಿ ನಗರಸಭೆಯ ಸದಸ್ಯರು ಅವರನ್ನು ಕರ್ತವ್ಯವಿಮುಖರೆಂದು ಆಕ್ಷೇಪಿಸಿದರು. ಅದೇ ತಿಂಗಳು ಬಾಖರು ಸಭೆಗೆ ಒಂದು ಮನವಿಯನ್ನು ಸಲ್ಲಿಸಿ, ತಮ್ಮ ಬಳಿಯಿದ್ದ 54 ಹುಡುಗರಲ್ಲಿ 17 ಮಂದಿ ಮಾತ್ರ ಹಾಡಲು ಯೋಗ್ಯರೆಂದೂ, 20 ಮಂದಿ ಇನ್ನೂ ಪಳಗಬೇಕೆಂದೂ, ಉಳಿದ 17 ಮಂದಿ ಹಾಡಿಗೆ ಸಲ್ಲರೆಂದೂ ಲೆಕ್ಕ ಕೊಟ್ಟರು. ಗಾನವೃಂದವನ್ನು ನಡೆಸುವ ಯಾರೂ ಈ ಲೆಕ್ಕವನ್ನು ಓದಿ ನಿಟ್ಟುಸಿರು ಬಿಡದಿರಲಾರರು. ಮನೆಯಲ್ಲಿಯೂ ದುಃಖಗಳು ತಪ್ಪಲಿಲ್ಲ. ಇಬ್ಬರು ಪತ್ನಿಯರಿಂದ ಹುಟ್ಟಿದ ಇಪ್ಪತ್ತು ಮಕ್ಕಳಲ್ಲಿ ಹತ್ತು ಮಂದಿ ಎಳವೆಯಲ್ಲಿಯೇ ಮಣ್ಣು ಸೇರಿದರು. ಬೆಳೆದ ಮಗನೊಬ್ಬನು ಸಾಲ ಮಾಡಿ ಊರುಬಿಟ್ಟು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡನು. ಇನ್ನೊಬ್ಬ ಮಗನಿಗೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಿತ್ತು.

1749ರಲ್ಲಿ ಬಾಖರ ಆರೋಗ್ಯ ಕೆಡುತ್ತಿರುವಾಗಲೇ, ಅವರಿನ್ನೂ ಜೀವಂತವಾಗಿದ್ದಾಗಲೇ, ಅವರ ಸ್ಥಾನಕ್ಕೆ ಬೇರೊಬ್ಬರನ್ನು ಕರೆಸಿ ಪರೀಕ್ಷಿಸಲಾಯಿತು. ದೃಷ್ಟಿ ಮಂಜಾಗಿದ್ದುದರಿಂದ ಮರುವರ್ಷ ಇಂಗ್ಲೆಂಡಿನಿಂದ ಬಂದ ಕಣ್ಣಿನ ವೈದ್ಯನಿಂದ ಎರಡು ಸಲ ಶಸ್ತ್ರಚಿಕಿತ್ಸೆ ನಡೆದು, ಇದ್ದ ದೃಷ್ಟಿಯೂ ಹೋಯಿತು. 1750ರ ಜುಲೈ 28ರಂದು ತಮ್ಮ ಅರವತ್ತೈದನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಗೋರಿಯ ಮೇಲೆ ಹೆಸರಿನ ಕಲ್ಲೂ ಇರಲಿಲ್ಲ. ಅನ್ನಾ ಮಗ್ದಲೇನಾ ಅವರು ಹತ್ತು ವರ್ಷ ಬಡತನದಲ್ಲಿ ಕಳೆದು, 1760ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರ ಹೆಸರು ನಗರದ ದಾನಧರ್ಮದ ಅನ್ನವನ್ನುಂಡ ಹೆಂಗಸರ ಸಾಲಿನಲ್ಲಿತ್ತು. ಇಪ್ಪತ್ತೇಳು ವರ್ಷ ಲೈಪ್ಜಿಗ್ಗಿನ ಭಾನುವಾರಗಳನ್ನು ಬೆಳಗಿಸಿದ ಮನೆಗೆ ಆ ನಗರವು ಕೊಟ್ಟ ಪ್ರತಿಫಲವಿದು.

1829ರ ಮಾರ್ಚ್ 11ರಂದು ಇಪ್ಪತ್ತು ವರ್ಷದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಸಂತ ಮತ್ತಾಯರ ಯಾತನಾಗಾನವನ್ನು ಮತ್ತೆ ಹಾಡಿಸಿದಾಗ ಲೋಕದ ಕಣ್ಣು ತೆರೆಯಿತು. 1850ರಲ್ಲಿ ಬಾಖರ ಕೃತಿಗಳ ಸಮಗ್ರ ಪ್ರಕಟಣೆಗಾಗಿ ಸಂಘವೊಂದು ಸ್ಥಾಪಿತವಾಯಿತು. ಅವರದೆಂದು ನಂಬಲಾದ ಅಸ್ಥಿಗಳನ್ನು 1894ರಲ್ಲಿ ಪತ್ತೆಹಚ್ಚಿ, 1950ರಲ್ಲಿ ಸಂತ ತೋಮಾಸರ ದೇವಾಲಯದೊಳಗೆ ಇರಿಸಿದರು. ಸತ್ತು ಇನ್ನೂರು ವರ್ಷಗಳ ಮೇಲೆ ಅವರು ತಮ್ಮ ಗಾನವೃಂದದ ಬಳಿಗೆ ಮರಳಿದರು. ಉಳಿದುಬಂದಿರುವ ಸುಮಾರು ಇನ್ನೂರು ಆರಾಧನಾ ಗಾನಕೃತಿಗಳ ಹಸ್ತಪ್ರತಿಗಳಲ್ಲಿ ಹಲವದರ ಕೊನೆಗೆ, ದೇವರೊಬ್ಬನಿಗೇ ಮಹಿಮೆ ಎಂಬ ಅರ್ಥದ ಮೂರು ಲ್ಯಾಟಿನ್ ಅಕ್ಷರಗಳು ಅವರ ಕೈಬರಹದಲ್ಲಿವೆ.

ಈ ಚರಿತ್ರೆಯನ್ನು ಬರೆಯುವಾಗ ನಮ್ಮದೇ ತಪ್ಪೊಂದು ನೆನಪಿಗೆ ಬಂದಿತು. ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಒಂದು ಭಾನುವಾರ ಹಾರ್ಮೋನಿಯಂ ನುಡಿಸುವವರು ತಡವಾಗಿ ಬಂದರು. ಬಲಿಪೂಜೆಯ ಬಳಿಕ ನಾಲ್ಕು ಜನರ ಎದುರಿನಲ್ಲಿಯೇ ನಾವು ಅವರನ್ನು ಆಕ್ಷೇಪಿಸಿದೆವು. ಅವರು ತಲೆತಗ್ಗಿಸಿ ಹೊರಟುಹೋದರು. ಮಗಳಿಗೆ ಜ್ವರ ಬಂದು ರಾತ್ರಿಯೆಲ್ಲ ಆಸ್ಪತ್ರೆಯಲ್ಲಿದ್ದು, ಅಲ್ಲಿಂದ ನೇರವಾಗಿ ದೇವಾಲಯಕ್ಕೆ ಬಂದಿದ್ದರೆಂದು ಮರುದಿನ ತಿಳಿಯಿತು. ಮುಂದಿನ ಭಾನುವಾರ ಅವರು ಎಂದಿನಂತೆ ಬಂದು ನುಡಿಸಿದರು. ಅವರಲ್ಲಿ ಕ್ಷಮೆ ಕೇಳಲು ನಮಗೆ ಒಂದು ತಿಂಗಳು ಬೇಕಾಯಿತು. ಲೈಪ್ಜಿಗ್ಗಿನ ನಗರಸಭೆಯನ್ನು ದೂರುವ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ಆರಾಧನಾವಿಧಿಯ ಸಂವಿಧಾನವು ಪವಿತ್ರ ಸಂಗೀತವನ್ನು ಸಭೆಯ ಅಮೂಲ್ಯ ನಿಧಿಯೆಂದು ಸಾರಿ, ತಾಯ್ನುಡಿಗೂ ಆಯಾ ನಾಡಿನ ಸಂಗೀತಕ್ಕೂ ಬಾಗಿಲು ತೆರೆಯಿತು. ಅಂದಿನಿಂದ ನಮ್ಮ ದೇವಾಲಯಗಳಲ್ಲಿ ಕನ್ನಡ ಹಾಡು, ಹಾರ್ಮೋನಿಯಂ, ತಬಲಾ ಎಲ್ಲವೂ ಬೆಳೆದವು. ಆ ನಿಧಿಯನ್ನು ಕಾಯುವವರು ಸಂಬಳವಿಲ್ಲದ ಗೃಹಸ್ಥರು. ಶನಿವಾರ ಕೆಲಸ ಮುಗಿಸಿ ಗುಬ್ಬಿಯಿಂದಲೂ ಕುಣಿಗಲ್ಲಿನಿಂದಲೂ ಬಸ್ಸು ಹತ್ತಿ ತುಮಕೂರಿಗೆ ಅಭ್ಯಾಸಕ್ಕೆ ಬರುವವರ ಮನೆಗಳಲ್ಲಿ ಮಕ್ಕಳು ಕಾದಿರುತ್ತಾರೆ, ಅಡುಗೆ ಆರಿರುತ್ತದೆ. ಆ ಮನೆಗಳ ತ್ಯಾಗವೂ ಗಾನದ ಒಂದು ಸ್ವರವೇ ಆಗಿದೆ.

ಆದ್ದರಿಂದ ಶತಮಾನೋತ್ಸವದ ಈ ವರ್ಷದಿಂದ ಮೂರು ಕಾರ್ಯಗಳನ್ನು ಕೈಗೊಳ್ಳಲು ನಿಶ್ಚಯಿಸಿದ್ದೇವೆ. ಶನಿವಾರದ ಅಭ್ಯಾಸವು ದೂರದವರಿಗೆ ಬಸ್ಸು ಸಿಗುವ ಹೊತ್ತಿಗೆ ತಪ್ಪದೆ ಮುಗಿಯುವುದು. ವರ್ಷಕ್ಕೊಂದು ಭಾನುವಾರ ಗಾನವೃಂದದವರು ಮನೆಮಂದಿಯೊಡನೆ ಸೇರಿ ಉಂಡು, ಹಾಡಿ, ನಕ್ಕು ಕಾಲ ಕಳೆಯುವರು. ಅಂದು ಬಡಿಸುವ ಕೆಲಸ ನಮ್ಮದು ಹಾಗೂ ಧರ್ಮಕೇಂದ್ರದ ಸಮಿತಿಯವರದು. ಮೂರನೆಯದಾಗಿ, ಜ್ಞಾನಸ್ನಾನದ ಪುಸ್ತಕದ ಪಕ್ಕದಲ್ಲಿ ಹಾಡಿದವರ ಪುಸ್ತಕವೊಂದನ್ನು ಇರಿಸಿದ್ದೇವೆ. ಅದರ ಮೊದಲ ಪುಟಗಳು ಖಾಲಿಯಾಗಿವೆ. ತಮ್ಮ ತಾತ, ಅಜ್ಜಿ, ತಂದೆ, ತಾಯಿ ಈ ದೇವಾಲಯದಲ್ಲಿ ಹಾಡಿದ್ದನ್ನೋ ನುಡಿಸಿದ್ದನ್ನೋ ಬಲ್ಲವರು ದಯಮಾಡಿ ಆ ಹೆಸರುಗಳನ್ನು ತಂದು ಬರೆಯಿಸಬೇಕಾಗಿ ಸರ್ವರಲ್ಲಿಯೂ ವಿನಂತಿಸಿಕೊಳ್ಳುತ್ತೇವೆ.